ನಮ್ಮೂರಲ್ಲಿ ಜನ ಎಷ್ಟು, ಬಸ್ಸು ಎಷ್ಟು ದೂರ?

(ಮಹಿಳಾ ದಿನಾಚರಣೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಏನಾದರೂ ಮಾತಾಡಬೇಕು ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನು ಊರಿಂದ ಬಂದು ಮೂರು ದಿನವಾಗಿತ್ತು. ನಡೆದ ಕಾಲು ಇನ್ನೂ ನೋಯುತ್ತಿತ್ತು. ಹಾಗಾಗಿ ಬೇರೆ ವಿಷಯ ತಲೆಗೆ ಬರಲಿಲ್ಲ. ನಮ್ಮೂರಲ್ಲಿ ಈಗ ಎಷ್ಟು ಜನ ಇದ್ದಾರೆ, ಅವರಿಗೆ ಬಸ್ಸು ಎಷ್ಟು ದೂರ, ಈ ಎರಡು ಪ್ರಶ್ನೆ ಇಟ್ಟುಕೊಂಡು ಬಂದಿದ್ದೇನೆ. ಮಹಿಳಾ ದಿನಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬೇಡಿ, ಹೇಳುತ್ತೇನೆ.

ನಮ್ಮೂರು ಬೈಂದೂರಿನಿಂದ ಒಳಗೆ, ಘಟ್ಟದ ಬುಡದಲ್ಲಿದೆ. ಕುರ್ಲಾ ಟರ್ಮಿನಸ್‌ನಲ್ಲಿ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದರೆ ಬೆಳಗಿನ ಜಾವ ಮೂಕಾಂಬಿಕಾ ರೋಡ್ ಬೈಂದೂರು ಸ್ಟೇಷನ್. ಅಲ್ಲಿಯವರೆಗೆ ಯಾವ ತಾಪತ್ರಯವೂ ಇಲ್ಲ. ರಾತ್ರಿ ರತ್ನಗಿರಿಯಲ್ಲಿ ಚಹಾ ಕುಡಿದು ಮಲಗಿದರೆ ಆಯಿತು. ತಾಪತ್ರಯ ಶುರುವಾಗುವುದು ಸ್ಟೇಷನ್ನಿನ ಹೊರಗೆ. ಊರಿನ ಕಡೆ ಹೋಗುವ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಮೊದಲು ಮಧ್ಯಾಹ್ನವೂ ಒಂದು ಇತ್ತು. ಕೊರೊನಾ ಕಾಲದಲ್ಲಿ ನಿಂತದ್ದು ಮತ್ತೆ ಬರಲಿಲ್ಲ. ಆ ಬಸ್ಸೂ ನಮ್ಮನ್ನು ಇಳಿಸುವುದು ಡಾಂಬರು ಮುಗಿಯುವಲ್ಲಿ. ಅಲ್ಲಿಂದ ಒಂದೂವರೆ ಕಿಲೋಮೀಟರು ಹಾಡಿ, ಗದ್ದೆಯ ಅಂಚು, ಕೊನೆಗೆ ಹೊಳೆಗೆ ಹಾಕಿದ ಕಾಲುಸಂಕ. ರಿಕ್ಷಾ ಮಾಡಿದರೆ ಅದರ ಬಾಡಿಗೆ ಮುಂಬಯಿಯಿಂದ ಬಂದ ಸ್ಲೀಪರ್ ಟಿಕೆಟಿಗಿಂತ ಸ್ವಲ್ಪವೇ ಕಡಿಮೆ, ಮತ್ತೆ ಆ ರಿಕ್ಷಾವೂ ಸಂಕದ ಈಚೆಗೇ ನಿಲ್ಲುತ್ತದೆ.

ಇಲ್ಲಿ ಕೂತಿರುವ ಹಿರಿಯರಿಗೆ ಇದು ದೊಡ್ಡ ಕಷ್ಟ ಅನ್ನಿಸಲಿಕ್ಕಿಲ್ಲ. ನನ್ನ ದೊಡ್ಡಪ್ಪ ಹುಡುಗನಾಗಿದ್ದಾಗ ಮಂಗಳೂರಿಗೆ ಹೋಗಿ ಅಲ್ಲಿಂದ ಹಡಗಿನಲ್ಲಿ ಬೊಂಬಾಯಿಗೆ ಬಂದವರು. ಅಪ್ಪಯ್ಯನ ಕಾಲಕ್ಕೆ ಬಸ್ಸು ಬಂತು, ಹುಬ್ಬಳ್ಳಿ ಮೇಲೆ, ಎರಡು ಹಗಲು ಒಂದು ರಾತ್ರಿ. ಕರಾವಳಿಯ ಉದ್ದಕ್ಕೂ ಬರೋಣವೆಂದರೆ ಹೊಳೆ ಹೊಳೆಗೂ ಕಡವು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದಾಗ ನಮ್ಮ ಚಾಳಿನಲ್ಲಿ ಪೇಡಾ ಹಂಚಿದ್ದು ನನಗೆ ನೆನಪಿದೆ. ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿ ಹಟ ಹಿಡಿದದ್ದು, ಶ್ರೀಧರನ್ ಅವರು ಕಟ್ಟಿಸಿದ್ದು ಎಲ್ಲರಿಗೂ ಗೊತ್ತು. ಇನ್ನು ಊರು ಹತ್ತಿರವಾಯಿತು, ಜನ ಊರಿಗೆ ತಿರುಗುತ್ತಾರೆ ಎಂದು ಎಲ್ಲರೂ ಹೇಳಿದರು. ಊರು ಹತ್ತಿರವಾದದ್ದು ನಿಜ. ಆದರೆ ಅದೇ ರೈಲು ಊರಲ್ಲಿ ಉಳಿದಿದ್ದ ಹುಡುಗರನ್ನೂ ಕರೆತಂದಿತು. ಈಗ ಹುಡುಗಿಯರನ್ನೂ ಕರೆತರುತ್ತಿದೆ, ಅದಕ್ಕೆ ನನಗೆ ಬೇಸರವಿಲ್ಲ. ನಾನೂ ಹಾಗೇ ಬಂದವಳು.

ಈಗ ಜನರ ಲೆಕ್ಕಕ್ಕೆ ಬರುತ್ತೇನೆ.

1981ರ ಜನಗಣತಿ. ನನಗೆ ಹತ್ತು ವರ್ಷ. ನಮ್ಮ ಶಾಲೆಯ ಮಾಸ್ತರರೇ ಉದ್ದನೆಯ ಕಾಗದ ಹಿಡಿದು ಮನೆಗೆ ಬಂದರು. ಅಮ್ಮ ಬೆಲ್ಲ ನೀರು ಕೊಟ್ಟು ಚಾಪೆ ಹಾಕಿದರು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ್ದಕ್ಕೆ ಅಮ್ಮ ಎಣಿಸಿ ಆರು ಎಂದರು. ಮಾಸ್ತರರು ನಮ್ಮೆಲ್ಲರ ಹೆಸರು ಬರೆದುಕೊಂಡು, ಐದೇ ಆಯಿತಲ್ಲ ಎಂದರು. ಅಮ್ಮ ಅಪ್ಪಯ್ಯನನ್ನು ಸೇರಿಸಿದ್ದರು. ಅವರು ಬೊಂಬಾಯಿಯಲ್ಲಿ ಇರುವುದಲ್ಲವೇ, ಅಲ್ಲಿ ಬರೆಸುತ್ತಾರೆ, ಇಲ್ಲಿ ಬರೆಯುವ ಹಾಗಿಲ್ಲ ಎಂದು ಮಾಸ್ತರರು ಹೇಳಿದರು. ಅಮ್ಮ ಬಿಡಲಿಲ್ಲ. "ಅವ್ರ್ ಇಲ್ದೆ ಹ್ಯಾಂಗ್ ಬರಿತ್ರಿ? ಇದ್ ಅವ್ರ್ ಮನಿ ಅಲ್ದಾ?" ಎಂದು ಕೇಳಿದರು. ಮಾಸ್ತರರು ನಕ್ಕು, ಲೆಕ್ಕ ಹಾಗೆ ನಡೆಯುವುದಿಲ್ಲ ತಂಗಿ ಎಂದು ಹೇಳಿ ಪಕ್ಕದ ಮನೆಗೆ ಹೋದರು.

ಆ ವರ್ಷ ದೀಪಾವಳಿಗೆ ಅಪ್ಪಯ್ಯ ಬಂದಾಗ ಅಮ್ಮ ಇದನ್ನು ಮರೆಯದೆ ಕೇಳಿದರು. ಅಲ್ಲಿ ಹೆಸರು ಬರೆಸಿದಿರಾ? ಅಪ್ಪಯ್ಯನಿಗೆ ಏನೂ ಗೊತ್ತಿರಲಿಲ್ಲ. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿ ನಿದ್ದೆ. ತನ್ನನ್ನಂತೂ ಯಾರೂ ಬಂದು ಕೇಳಲಿಲ್ಲ ಎಂದರು. ಮಾಲೀಕರು ಬರೆಸಿದ್ದರೋ ಏನೋ. ಅಮ್ಮನ ಪ್ರಕಾರ ಮಾತ್ರ ಆ ವರ್ಷ ಅಪ್ಪಯ್ಯ ಇಡೀ ಭಾರತದಲ್ಲಿ ಎಲ್ಲಿಯೂ ಇರಲಿಲ್ಲ.

ದೊಡ್ಡವಳಾದ ಮೇಲೆ ಜನಗಣತಿಯ ಅಂಕಿ ನೋಡುವ ಚಟ ಹತ್ತಿತು. 2011ರ ಲೆಕ್ಕ ನೋಡಿ. ಉಡುಪಿ ಜಿಲ್ಲೆಯಲ್ಲಿ 1000 ಗಂಡಸರಿಗೆ 1094 ಹೆಂಗಸರು. ದಕ್ಷಿಣ ಕನ್ನಡದಲ್ಲಿ 1020. ಇಡೀ ಕರ್ನಾಟಕದ ಸರಾಸರಿ 973. ಇನ್ನು ನಾವು ಕೂತಿರುವ ಈ ಊರು: ಮುಂಬಯಿ ನಗರ ಜಿಲ್ಲೆಯಲ್ಲಿ 832, ಉಪನಗರದಲ್ಲಿ 860. ಉಡುಪಿಯಲ್ಲಿ ಹೆಂಗಸರು ಹೆಚ್ಚು ಎಂದಾಗ ಪತ್ರಿಕೆಯವರು ಅದನ್ನು ಸ್ತ್ರೀಯರಿಗೆ ಇರುವ ಗೌರವ ಎಂದು ಬರೆಯುವುದುಂಟು. ನಮ್ಮಲ್ಲಿ ಅಳಿಯಕಟ್ಟು ಇದೆ, ಹೆಣ್ಣುಮಗು ಹುಟ್ಟಿದರೆ ಅಳುವುದಿಲ್ಲ, ಅದೆಲ್ಲ ನಿಜ. ಆದರೆ ಆ 94ರಲ್ಲಿ ಹೆಚ್ಚಿನ ಪಾಲು ಗೌರವದ್ದಲ್ಲ, ರೈಲಿನದ್ದು, ಬಸ್ಸಿನದ್ದು, ಹಡಗಿನದ್ದು. ಗಂಡಸರು ಇಲ್ಲಿಗೆ, ದುಬಾಯಿಗೆ, ಬೆಂಗಳೂರಿಗೆ ಹೋದರು. ಮುಂಬಯಿಯ 832ಕ್ಕೆ ನಮ್ಮವರೊಬ್ಬರೇ ಕಾರಣ ಅಲ್ಲ, ಉತ್ತರ ಪ್ರದೇಶ, ಬಿಹಾರ, ರತ್ನಗಿರಿ ಎಲ್ಲ ಸೇರಿವೆ. ಆದರೂ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ನನಗೆ ನಮ್ಮ ಅಮ್ಮ ಮತ್ತು ಅಪ್ಪಯ್ಯನ ಫೋಟೋ ಅಕ್ಕಪಕ್ಕ ಇಟ್ಟ ಹಾಗೆ ಕಾಣುತ್ತದೆ. 2001ರಿಂದ 2011ರವರೆಗೆ ಕರ್ನಾಟಕದ ಜನಸಂಖ್ಯೆ ಶೇಕಡಾ 15.6 ಬೆಳೆದರೆ ಉಡುಪಿಯದು ಶೇಕಡಾ 5.85 ಮಾತ್ರ.

ಈಗ ಬಸ್ಸು. ಜನಗಣತಿಯವರು ಜನರನ್ನು ಮಾತ್ರ ಎಣಿಸುವುದಲ್ಲ. ಜಿಲ್ಲೆಗೊಂದು ದಪ್ಪ ಪುಸ್ತಕ ಬರುತ್ತದೆ, ಈಗ ಆನ್‌ಲೈನಿನಲ್ಲೂ ಸಿಗುತ್ತದೆ, ನಿಮ್ಮ ನಿಮ್ಮ ಊರನ್ನು ಹುಡುಕಿ ನೋಡಿ. ಒಂದೊಂದು ಗ್ರಾಮದ ಎದುರು ಶಾಲೆ ಇದೆಯೇ, ಆಸ್ಪತ್ರೆ ಇದೆಯೇ, ಬಸ್ಸು ಇದೆಯೇ ಎಂದು ಬರೆದಿರುತ್ತಾರೆ. ಇಲ್ಲದಿದ್ದರೆ ಎಷ್ಟು ದೂರ ಎಂದು ಮೂರು ಅಕ್ಷರದಲ್ಲಿ ಗುರುತು ಮಾಡಿದ್ದಾರೆ. 5 ಕಿಲೋಮೀಟರಿಗಿಂತ ಕಡಿಮೆಯಾದರೆ ಎ, 5ರಿಂದ 10 ಆದರೆ ಬಿ, 10ಕ್ಕೂ ಮೇಲಾದರೆ ಸಿ. ಇದನ್ನು ನೋಡಿ ನನಗೆ ನಗು ಬಂತು. ತಲೆ ಮೇಲೆ ಅಕ್ಕಿ ಮೂಟೆ ಹೊತ್ತು ನಾಲ್ಕೂವರೆ ಕಿಲೋಮೀಟರು ನಡೆಯುವವಳಿಗೆ ಎ ದರ್ಜೆ!

ಇನ್ನೊಂದು ಸೂಕ್ಷ್ಮ ಇದೆ. ಪುಸ್ತಕದ ಪ್ರಕಾರ ಗ್ರಾಮ ಎಂದರೆ ಕಂದಾಯ ಗ್ರಾಮ. ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ಕಟ್ಟಿದ ಮನೆಗಳು, ಊರ ಬಾಗಿಲಲ್ಲಿ ಬಸ್ಸು ನಿಂತರೆ ಇಡೀ ಊರಿಗೆ ಬಸ್ಸು ಬಂದ ಹಾಗೆ. ನಮ್ಮಲ್ಲಿ ಹಾಗಲ್ಲವಲ್ಲ. ಗದ್ದೆಯ ಬದಿಗೆ ಒಂದು ಮನೆ, ತೋಟದ ತಲೆಗೆ ಒಂದು, ಗುಡ್ಡೆಯ ಆಚೆ ಮೂರು. ಒಂದು ಕಂದಾಯ ಗ್ರಾಮವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಅರ್ಧ ದಿನ ಬೇಕು. ಅದರ ಒಂದು ಮೂಲೆಗೆ ಬಸ್ಸು ತಾಗಿದರೆ ಪುಸ್ತಕದಲ್ಲಿ 'ಇದೆ' ಎಂದು ಬೀಳುತ್ತದೆ. ನಮ್ಮೂರಿಗೂ ಹಾಗೆಯೇ, ಬಸ್ಸು ಇದೆ. ಹೊಳೆಯಾಚೆಯ ನಮ್ಮ ಮನೆಗಳಿಗೆ ಅದು ಕೇಳಿಸುತ್ತದೆ, ಸಿಗುವುದಿಲ್ಲ.

ಹಾಗಾದರೆ ರಸ್ತೆ ಮಾಡಿಸಬಹುದಲ್ಲ? ಅದನ್ನೇ ಕೇಳಲು ನಾನು ಪಂಚಾಯತಿಗೆ ಹೋಗಿದ್ದೆ. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ವಿವರವಾಗಿ ಹೇಳಿದರು. ಅಲ್ಲಿ ನನಗೆ ಅರ್ಥವಾಯಿತು, ಜನ ಎಷ್ಟು ಎಂಬುದೂ ಬಸ್ಸು ಎಷ್ಟು ದೂರ ಎಂಬುದೂ ಎರಡು ಪ್ರಶ್ನೆಗಳಲ್ಲ, ಒಂದೇ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಎಂದು ಕೇಳಿದ್ದೀರಿ. 2000ನೇ ಇಸವಿ ಡಿಸೆಂಬರ್ 25ರಂದು, ವಾಜಪೇಯಿಯವರ ಕಾಲದಲ್ಲಿ ಶುರುವಾದದ್ದು. ದೇಶದ ಎಷ್ಟೋ ಹಳ್ಳಿಗಳಿಗೆ ಅದರಿಂದಲೇ ರಸ್ತೆ ಬಂದಿದೆ, ಅದನ್ನು ಒಪ್ಪಲೇಬೇಕು. ಆದರೆ ಅದಕ್ಕೊಂದು ಅಳತೆ ಇದೆ. ಬಯಲು ಪ್ರದೇಶದಲ್ಲಿ ರಸ್ತೆ ಇಲ್ಲದ ಜನವಸತಿಯಲ್ಲಿ 500 ಜನ ಇರಬೇಕು. ಹಿಮಾಲಯದ ರಾಜ್ಯಗಳಿಗೆ, ಈಶಾನ್ಯಕ್ಕೆ, ಮರುಭೂಮಿಗೆ, ಬುಡಕಟ್ಟು ಪ್ರದೇಶಗಳಿಗೆ 250 ಇದ್ದರೆ ಸಾಕು. ನಮ್ಮ ಪಶ್ಚಿಮ ಘಟ್ಟದ ಬುಡಕ್ಕೆ ಆ ರಿಯಾಯಿತಿ ಇಲ್ಲ. ಅಷ್ಟು ಮಳೆ, ಅಷ್ಟು ಹೊಳೆ, ಅಷ್ಟು ಗುಡ್ಡೆ ಇದ್ದರೂ ಯೋಜನೆಯ ಕಣ್ಣಿಗೆ ನಾವು ಬಯಲು. 500 ಮೀಟರ್ ಅಂತರದೊಳಗಿನ ವಸತಿಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಬಹುದು ಎಂಬ ಒಂದು ನಿಯಮವಿದೆ. ಅರ್ಧ ಕಿಲೋಮೀಟರಿನಲ್ಲಿ ನಮ್ಮಲ್ಲಿ ಆರು ಮನೆ ಸಿಕ್ಕಿದರೆ ಹೆಚ್ಚು. 2024ರ ಸೆಪ್ಟೆಂಬರಿನಲ್ಲಿ ಈ ಯೋಜನೆಯ ನಾಲ್ಕನೇ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು, 25,000 ಜನವಸತಿಗಳಿಗೆ ರಸ್ತೆ. ಅದಕ್ಕೂ ಅಳತೆ ಅದೇ 500, ಲೆಕ್ಕ 2011ರ ಜನಗಣತಿಯದ್ದು.

ರಸ್ತೆ ಒಂದೇ ಅಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಗೆ ಸದಸ್ಯರನ್ನು ಕೊಡುವುದೇ 400 ಜನಕ್ಕೆ ಒಬ್ಬರಂತೆ. ಜನ ಕಡಿಮೆಯಾದರೆ ನಮ್ಮ ಪರವಾಗಿ ಕೂಗುವ ಬಾಯಿಯೂ ಕಡಿಮೆ. ಬಸ್ಸಿನ ಮಾಲೀಕರ ಲೆಕ್ಕ ಇನ್ನೂ ಸರಳ: ಹತ್ತುವವರಿಲ್ಲದ ಟ್ರಿಪ್ಪಿಗೆ ಡೀಸೆಲ್ ಸುಡಲು ಯಾರಿಂದಲೂ ಆಗುವುದಿಲ್ಲ. ರಸ್ತೆ ಇಲ್ಲ ಎಂದು ಹುಡುಗರು ಹೋದರು, ಹುಡುಗರು ಹೋದರು ಎಂದು ಜನ ಕಡಿಮೆ, ಜನ ಕಡಿಮೆ ಎಂದು ರಸ್ತೆ ಇಲ್ಲ.

ಈ ಸಲ ಹೋದಾಗ ನಾನೇ ಒಂದು ಜನಗಣತಿ ಮಾಡಿದೆ. ಹೊಳೆಯಾಚೆಯ ಮನೆಗಳಿಗೆಲ್ಲ ನಡೆದೆ. ಕಾಲು ನೋವು ಬಂದದ್ದು ಅದರಿಂದಲೇ. ಒಟ್ಟು 38 ಮನೆ. ಅದರಲ್ಲಿ 15ಕ್ಕೆ ಬೀಗ. ಉಳಿದ 23 ಮನೆಗಳಲ್ಲಿ 61 ಜನ, ಅವರಲ್ಲಿ 40 ಹೆಂಗಸರು. ಶಾಲೆಗೆ ಹೋಗುವ ಮಕ್ಕಳು ಐದು. ಬೀಗ ಹಾಕಿದ 15 ಮನೆಗಳಲ್ಲಿ 11ರ ಬೀಗದ ಕೈ ದಹಿಸರ್‌ನಿಂದ ಡೊಂಬಿವಲಿಯವರೆಗೆ ಎಲ್ಲೋ ಒಂದು ಫ್ಲ್ಯಾಟಿನ ಗೋಡೆಗೆ ನೇತಾಡುತ್ತಿದೆ. ಒಂದು ನನ್ನ ಚಿಕ್ಕಪ್ಪನ ಮನೆಯದು.

ನಗರದಲ್ಲಿರುವ ನಮಗೆ ಊರಿನ ಬಸ್ಸಿನ ವಿಷಯ ಬೇಕೇ ಎಂದು ನಿಮಗೆ ಅನ್ನಿಸಬಹುದು. ಹೋದ ವರ್ಷ ಜುಲೈ ತಿಂಗಳಲ್ಲಿ ನನಗೆ ಘಾಟ್ಕೋಪರ್ ದಾಟುವಾಗ ಫೋನ್ ಬಂತು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಸೊಂಟದ ಎಲುಬು. 108 ಆಂಬುಲೆನ್ಸ್ ತಡ ಮಾಡದೆ ಬಂತು, ಆದರೆ ಬಂದದ್ದು ಡಾಂಬರಿನ ತುದಿಗೆ. ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಗೆ ಕಟ್ಟಿ ಹೊತ್ತು ತರಬೇಕಿತ್ತು. ಹೊರಲು ನಾಲ್ಕು ಜನ ಬೇಕು. ಹುಡುಕಿದರೆ ಸಿಕ್ಕಿದ್ದು ಇಬ್ಬರು ಗಂಡಸರು, ಅವರಲ್ಲಿ ಒಬ್ಬರಿಗೆ ಅರುವತ್ತೈದು. ಇನ್ನೆರಡು ಹೆಗಲು ಆಶಾ ಕಾರ್ಯಕರ್ತೆಯದ್ದು ಮತ್ತು ನೆರೆಮನೆಯ ಅಕ್ಕನದ್ದು. ಮಳೆ ಹೊಯ್ಯುತ್ತಿತ್ತು, ಹೊಳೆ ಕೆಂಪಾಗಿ ಹರಿಯುತ್ತಿತ್ತು, ಸಂಕದ ಮೇಲೆ ಇಬ್ಬರು ಅಕ್ಕಪಕ್ಕ ನಿಲ್ಲಲು ಜಾಗವಿಲ್ಲ. ಹ್ಯಾಗೆ ದಾಟಿಸಿದಿರಿ ಎಂದು ನಾನು ನೆರೆಮನೆಯ ಅಕ್ಕನನ್ನು ಎರಡು ಸಲ ಕೇಳಿದ್ದೇನೆ. ಎರಡು ಸಲವೂ ಅವರು ಬೇರೆ ಮಾತು ತೆಗೆದರು. ಅಮ್ಮ ಈಗ ಕೋಲು ಹಿಡಿದು ನಡೆಯುತ್ತಾರೆ.

ನಾವು ಅದೃಷ್ಟವಂತರು. 2022ರ ಆಗಸ್ಟ್ ತಿಂಗಳಲ್ಲಿ ನಮ್ಮ ಬೈಂದೂರು ತಾಲ್ಲೂಕಿನಲ್ಲಿಯೇ ಎರಡನೇ ತರಗತಿಯ ಒಬ್ಬ ಹುಡುಗಿ ಶಾಲೆಯಿಂದ ಬರುತ್ತ ಕಾಲುಸಂಕದಿಂದ ಜಾರಿ ಹೊಳೆಯ ಪಾಲಾದಳು. ನಿಮ್ಮಲ್ಲಿ ಹಲವರು ಪತ್ರಿಕೆಯಲ್ಲಿ ಓದಿರಬಹುದು. ಆಗ ಕಾಲುಸಂಕಗಳ ಬಗ್ಗೆ ಎಲ್ಲ ಕಡೆ ಮಾತಾಯಿತು. ಕೆಲವು ಕಡೆ ಗಟ್ಟಿ ಸಂಕ ಬಂದಿತು, ಹಲವು ಕಡೆ ಬರಲಿಲ್ಲ. ನಮ್ಮದು ಈಗಲೂ ಅಡಿಕೆ ಮರದ್ದೇ.

ಉಚಿತ ಬಸ್ಸಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನೀವು ಬಿಡಲಿಕ್ಕಿಲ್ಲ. 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಹೆಂಗಸರಿಗೆ ಶಕ್ತಿ ಯೋಜನೆ ಬಂತು. ನನ್ನ ಓರಗಿತ್ತಿ ಧಾರವಾಡದ ಕಡೆಯವಳು, ಅವಳ ಅತ್ತಿಗೆಯರು ಸವದತ್ತಿ ಯಲ್ಲಮ್ಮನಿಂದ ಧರ್ಮಸ್ಥಳದವರೆಗೆ ತಿರುಗಿ ಬಂದರು. ಬಹಳ ಸಂತೋಷ. ಆದರೆ ಅದು ಸರಕಾರಿ ಬಸ್ಸಿಗೆ ಮಾತ್ರ. ನಮ್ಮ ಕರಾವಳಿಯಲ್ಲಿ 1914ರಲ್ಲಿ ಮಂಗಳೂರಿನಲ್ಲಿ ಸಿಪಿಸಿ ಕಂಪೆನಿ ಶುರುವಾದಾಗಿನಿಂದ ಖಾಸಗಿ ಬಸ್ಸುಗಳದ್ದೇ ರಾಜ್ಯ. ಸರಕಾರ ಕಣ್ಣೆತ್ತಿ ನೋಡದ ಕಾಲದಲ್ಲಿ ಹಳ್ಳಿ ಹಳ್ಳಿಗೆ ಹೋದದ್ದು ಅವೇ, ಅವುಗಳ ಋಣ ನಮ್ಮ ಮೇಲಿದೆ. ಈಗ ಅದೇ ಕಾರಣಕ್ಕೆ ನಮ್ಮ ಒಳನಾಡಿನ ಹೆಂಗಸರಿಗೆ ಆಧಾರ್ ಕಾರ್ಡ್ ತೋರಿಸಲು ಸರಕಾರಿ ಬಸ್ಸೇ ಇಲ್ಲ. ಇಲ್ಲಿ ಮಹಾರಾಷ್ಟ್ರದಲ್ಲಿ 2023ರ ಮಾರ್ಚಿನಿಂದ ಎಸ್‌ಟಿಯಲ್ಲಿ ನಮಗೆ ಅರ್ಧ ಟಿಕೆಟ್. ನಾನು ಶಿರಡಿಗೆ ಅರ್ಧ ದುಡ್ಡಿನಲ್ಲಿ ಹೋಗಿ ಬಂದೆ. ನಮ್ಮ ನೆರೆಮನೆಯ ಅಕ್ಕ ಕುಂದಾಪುರದ ಆಸ್ಪತ್ರೆಗೆ ಪೂರ್ತಿ ದುಡ್ಡು ಕೊಟ್ಟು ಹೋಗುತ್ತಾರೆ, ಅದೂ ಬೆಳಗಿನ ಬಸ್ಸು ತಪ್ಪದಿದ್ದರೆ.

ಈಗ ನಾನು ಬಂದ ಮುಖ್ಯ ವಿಷಯ. 2021ರಲ್ಲಿ ಆಗಬೇಕಿದ್ದ ಜನಗಣತಿ ಕೊರೊನಾದಿಂದ ತಪ್ಪಿತು. ಅದು ಈಗ ಬರುತ್ತಿದೆ. ಇದೇ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ರಾಜ್ಯ ರಾಜ್ಯಗಳಲ್ಲಿ ಮನೆಗಳ ಪಟ್ಟಿ, 2027ರ ಫೆಬ್ರವರಿಯಲ್ಲಿ ಜನರ ಎಣಿಕೆ. ಆ ಅಂಕಿಯ ಮೇಲೆಯೇ ಮುಂದೆ ಎಷ್ಟೋ ವರ್ಷ ರಸ್ತೆ, ಸದಸ್ಯರು, ಅನುದಾನ ಎಲ್ಲ ನಿಲ್ಲುತ್ತದೆ. 2011ರ ಅಂಕಿಯೇ ಹದಿನೈದು ವರ್ಷ ನಮ್ಮನ್ನು ಆಳಿತಲ್ಲ.

ಊರಿಗೆ ಹೋಗಿ ಸುಳ್ಳು ಹೆಸರು ಬರೆಸಿ ಎಂದು ನಾನು ಹೇಳುವುದಿಲ್ಲ. ನಾವು ಮುಂಬಯಿಯವರು, ನಮ್ಮನ್ನು ಇಲ್ಲಿಯೇ ಎಣಿಸಬೇಕು, ಮಾತೃಭಾಷೆ ಎಂದು ಕೇಳಿದಾಗ ಕನ್ನಡವೋ ತುಳುವೋ ಕೊಂಕಣಿಯೋ ನಿಮ್ಮದು ಯಾವುದೋ ಅದನ್ನು ಬರೆಸಬೇಕು. ಆದರೆ ನಿಮ್ಮ ನಿಮ್ಮ ಅಮ್ಮ, ಅತ್ತೆ, ದೊಡ್ಡಮ್ಮನವರನ್ನು ನೆನಪು ಮಾಡಿಕೊಳ್ಳಿ. ನಿಯಮ ಹೀಗಿದೆ: ಎಣಿಕೆಯ ಅಷ್ಟೂ ದಿನ ಮನೆ ಬಿಟ್ಟು ಬೇರೆಡೆ ಇದ್ದವರನ್ನು ಅವರು ಸಿಕ್ಕಿದಲ್ಲಿ ಎಣಿಸುತ್ತಾರೆ. ಮೊಮ್ಮಗುವನ್ನು ನೋಡಿಕೊಳ್ಳಲು, ಕಣ್ಣಿನ ಪೊರೆ ತೆಗೆಸಲು, ಸುಮ್ಮನೆ ಬೇಸರ ಕಳೆಯಲು ಎಂದು ಅವರನ್ನು ಆ ಫೆಬ್ರವರಿಯಲ್ಲಿ ಪೂರ್ತಿ ಇಲ್ಲಿ ಇಟ್ಟುಕೊಂಡರೆ ಅವರು ಮುಂಬಯಿಯ ಕೋಟ್ಯಂತರ ಜನರಲ್ಲಿ ಒಬ್ಬರಾಗುತ್ತಾರೆ. ಅಲ್ಲಿದ್ದರೆ ಅರುವತ್ತೊಂದರಲ್ಲಿ ಒಬ್ಬರು. ಎಣಿಸುವವರು ಬರುವ ಹೊತ್ತಿಗೆ ಅವರು ಊರಲ್ಲಿ ಇರಲಿ. ಆಸ್ಪತ್ರೆಯ ಅಗತ್ಯ ಇದ್ದರೆ ಮಾತ್ರ ಕರೆತನ್ನಿ, ಅಂಕಿಗಿಂತ ಜೀವ ದೊಡ್ಡದು.

ಬೀಗ ಹಾಕಿದ ಮನೆಗಳಿಗೆ ನನ್ನಲ್ಲಿ ಉತ್ತರವಿಲ್ಲ. ನಮ್ಮ 61 ಜನ ಎಷ್ಟು ಸರಿಯಾಗಿ ಬರೆಸಿದರೂ 500 ಆಗುವುದಿಲ್ಲ ಎಂಬುದೂ ಗೊತ್ತು. ಆದ್ದರಿಂದ ಇನ್ನೊಂದು ಕೆಲಸಕ್ಕೆ ನಿಮ್ಮ ಸಹಿ ಬೇಕು. ಚೆದುರಿದ ಮನೆಗಳಿರುವ ಘಟ್ಟದ ಬುಡದ ಊರುಗಳಿಗೂ 250ರ ಅಳತೆ ಹಾಕಬೇಕು, ಇಲ್ಲವೇ ಮನೆಗುಂಪಿನ ಬದಲು ಇಡೀ ಹೊಳೆಯಾಚೆಯ ಭಾಗವನ್ನು ಒಂದು ಎಂದು ಎಣಿಸಬೇಕು ಎಂದು ಒಂದು ಮನವಿ ಬರೆದಿದ್ದೇನೆ. ಕನ್ನಡದಲ್ಲಿದೆ, ಇಂಗ್ಲಿಷಿನಲ್ಲೂ ಇದೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದೇನೆ. ಬೈಂದೂರಿನವರೇ ಆಗಬೇಕೆಂದಿಲ್ಲ. ಕಾರ್ಕಳ, ಬೆಳ್ತಂಗಡಿ, ಸುಳ್ಯದ ಒಳಗಿನವರಿಗೂ ಇದೇ ಕಥೆ.

ಕೊನೆಗೆ ಸಂಕದ ವಿಷಯ. ಅಡಿಕೆ ಮರದ ಸಂಕವನ್ನು ಪ್ರತಿ ವರ್ಷ ಮಳೆಗೆ ಮೊದಲು, ಮೇ ತಿಂಗಳಲ್ಲಿ ಹೊಸದಾಗಿ ಹಾಕಬೇಕು. ನಾನು ಚಿಕ್ಕವಳಿದ್ದಾಗ ಹನ್ನೆರಡು ಜನ ಸೇರಿ ಒಂದು ಬೆಳಗಿನಲ್ಲಿ ಮುಗಿಸುತ್ತಿದ್ದರು, ನಮ್ಮ ಮನೆಯಿಂದ ಅವಲಕ್ಕಿ ಹೋಗುತ್ತಿತ್ತು. ಹೋದ ವರ್ಷ ಮೂರು ಜನ, ಎರಡು ದಿನ. ಹಗ್ಗ ಹಿಡಿದದ್ದು ನೆರೆಮನೆಯ ಅಕ್ಕ. ಈ ವರ್ಷ ನಾನು ಮತ್ತು ನನ್ನ ತಮ್ಮ ರಜೆ ಹಾಕಿದ್ದೇವೆ. ಚಿಕ್ಕಪ್ಪನ ಮಗ ಬೀಗದ ಕೈ ಹಿಡಿದುಕೊಂಡು ಬರುತ್ತೇನೆ ಎಂದಿದ್ದಾನೆ. ಅಮ್ಮನಿಗೆ ಫೋನ್ ಮಾಡಿ ಹೇಳಿದರೆ, ನಿಂಗೆ ಮರ ಹೊರುಕೆ ಬತ್ತಾ ಎಂದು ಕೇಳಿದರು. ಬರುವುದಿಲ್ಲ, ಹಗ್ಗ ಹಿಡಿಯುತ್ತೇನೆ ಎಂದೆ. ಮತ್ಸ್ಯಗಂಧದ ಟಿಕೆಟ್ ಇನ್ನೂ ವೇಟಿಂಗ್ ಲಿಸ್ಟಿನಲ್ಲಿದೆ.

 ಪೆನ್ನು ಮೇಜಿನ ಮೇಲೆಯೇ ಇದೆ.